ಅಡೆ ಅವರ ಯಶಸ್ಸಿಗೆ ಎತ್ತರವೊಂದೇ ಕಾರಣವಲ್ಲ

ಹೈಟಿಯ ಫುಟ್‌ಬಾಲ್ ಆಟಗಾರ ರಿಕಾರ್ಡೊ ಅಡೆ ಅವರ ಖ್ಯಾತಿಗೆ ಅವರು ಆಡಿದ ಈಕ್ವೆಡಾರ್ ರಾಜಧಾನಿ ಕಿಟೊ ನಗರದ ಎತ್ತರವೇ ಮುಖ್ಯ ಕಾರಣವೆಂದು ಅವರ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾಗದು. ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ ಹೊರಗಿನ ತಂಡಗಳು ಏದುಸಿರು ಬಿಡುವುದು ನಿಜ. ಆದರೆ 2022ರಲ್ಲಿ ಅಡೆ ಆಡುತ್ತಿದ್ದ ಕಿಟೊದ ಔಕಾಸ್ ತಂಡ ತನ್ನ ಮೊದಲ ಈಕ್ವೆಡಾರ್ ಲೀಗ್ ಪ್ರಶಸ್ತಿ ಗೆದ್ದಾಗ, ಫೈನಲ್‌ನ ನಿರ್ಣಾಯಕ ಗೆಲುವು ದಕ್ಕಿದ್ದು ಕರಾವಳಿಯ ಗುವಾಯಾಕಿಲ್‌ನಲ್ಲಿ, ಆ ಊರಿನ ಬಾರ್ಸಿಲೋನ (ಸ್ಪೇನಿನದಲ್ಲ) ತಂಡದ ಸ್ವಂತ ಅಂಗಳದಲ್ಲಿ. ಮರುವರ್ಷ ಅವರು ಸೇರಿದ ಲಿಗಾ ಡಿ ಕಿಟೊ ತಂಡ, ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿಯಾದ ಕೋಪಾ ಸುಡಾಮೆರಿಕಾನಾದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಅರ್ಜೆಂಟೀನಾದ ನೆಲದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಉರುಗ್ವೆಯ ಕಡಲತಡಿಯ ಮಾಲ್ಡೊನಾಡೊದಲ್ಲಿ ನಡೆದ ಫೈನಲ್‌ನಲ್ಲಿ ಬ್ರೆಜಿಲ್‌ನ ಫೋರ್ಟಲೇಜಾವನ್ನು 1-1ಕ್ಕೆ ಹಿಡಿದು, ಪೆನಾಲ್ಟಿಯಲ್ಲಿ ಮಣಿಸಿತು. ಪೆನಾಲ್ಟಿಯ ಶ್ರೇಯಸ್ಸು ಗೋಲ್‌ಕೀಪರ್ ಡೊಮಿಂಗೆಸ್‌ಗೇ ಸಲ್ಲಬೇಕು, ಅದು ಬೇರೆ ಮಾತು.

ಹೈಟಿಯಲ್ಲೇ ಹುಟ್ಟಿ ಬೆಳೆದು, ಯುರೋಪಿನ ಅಕಾಡೆಮಿಗಳ ನೆರವಿಲ್ಲದೆ, ಚಿಲಿಯ ಕ್ಲಬ್‌ಗಳಲ್ಲಿ ಆಡಿ, ಮೂವತ್ತು ದಾಟಿದ ಮೇಲೆ ದೊಡ್ಡ ಪ್ರಶಸ್ತಿಗಳನ್ನು ಕಂಡ ರಕ್ಷಣಾ ಆಟಗಾರನ ಸಾಧನೆಯನ್ನು ಅಳೆಯುವಾಗ, ಅವರ ರಾಷ್ಟ್ರೀಯ ತಂಡ 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿದ್ದು ತವರಿನಲ್ಲಿ ಆಡುವ ಭಾಗ್ಯವಿಲ್ಲದೆ, ಕುರಸಾವೊ ದ್ವೀಪವನ್ನೇ ತವರಾಗಿಸಿಕೊಂಡು ಎಂಬುದನ್ನಾದರೂ ಲೇಖನ ಪ್ರಸ್ತಾಪಿಸಬೇಕಿತ್ತು.