ಮೂರು ಹೊತ್ತು ಉಂಡವನ ಮಾತು

ಎರಡು ವರ್ಷದ ಹಿಂದಿನ ಕೈಲ್ ಮುಹೂರ್ತದ, ಅಂದರೆ ನಮ್ಮ ಕೊಡಗಿನ ಹಬ್ಬದ ಸಂಜೆ. ತೋಟದ ಮಾಲೀಕರ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಹಂದಿ ಮಾಂಸದ ಪಂದಿ ಕರಿ, ಬಾಳೆ ಎಲೆಯಲ್ಲಿ ಸುತ್ತಿದ 14 ಕಡಂಬುಟ್ಟು (ಅಕ್ಕಿಯ ಉಂಡೆ) ಬಂದವು. ನನಗೂ, ರಾತ್ರಿ ಕಾವಲಿಗೆ ಬರುವ ಅಜ್ಜನಿಗೂ ಸೇರಿಸಿ ಕಳುಹಿಸಿದ್ದು. ಹೊರಗೆ ಮಳೆ, ಒಳಗೆ ಕರೆಂಟ್ ಇಲ್ಲ. ಏಳು ಗಂಟೆಗೆ ಡಬ್ಬಿಯ ಮುಚ್ಚಳ ತೆಗೆದೆ. ಎಂಟೂವರೆಗೆ ಅಜ್ಜ ಜಗಲಿಯಲ್ಲಿ ಕೊಡೆ ಮಡಚಿಟ್ಟು, "ರೈಟರೇ, ಹಬ್ಬದ ಊಟ ಬಂದಿದೆಯಂತೆ" ಎಂದಾಗ ಡಬ್ಬಿಯಲ್ಲಿ ಉಳಿದಿದ್ದದ್ದು ಎಲುಬು ಮತ್ತು ತಳದ ಕಪ್ಪು ರಸ. ಬಾಳೆ ಎಲೆ ಖಾಲಿ. ಅಜ್ಜ ಟಾರ್ಚಿನ ಬೆಳಕಿನಲ್ಲಿ ಎಲೆಯನ್ನು ನೋಡಿದರು, ನನ್ನ ಮುಖವನ್ನು ನೋಡಲಿಲ್ಲ. "ಪರವಾಗಿಲ್ಲ, ನನ್ನದು ಗಂಜಿ ಇದೆ" ಎಂದು ಹೇಳಿ ಮಳೆಯಲ್ಲೇ ತಿರುಗಿ ಹೋದರು.

ಆ ರಾತ್ರಿ ನನಗೆ ಹೊಟ್ಟೆ ಬಿರಿಯುವ ನೋವಿತ್ತು. ಮಲಗಲು ಆಗಲಿಲ್ಲ, ಕೂರಲೂ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಪ್ಪತ್ತು ದಾಟಿದ ಮನುಷ್ಯನ ಹಬ್ಬದ ತುತ್ತನ್ನು ತಿಂದುಬಿಟ್ಟೆನಲ್ಲ ಎಂಬ ಸಂಕಟ. ಇದನ್ನು ಇಲ್ಲಿಯವರೆಗೆ ಮೂರೇ ಜನರಿಗೆ ಹೇಳಿದ್ದೇನೆ. ಇಂದು ಎಲ್ಲರೆದುರು ಬರೆಯಲು ಕಾರಣವಿದೆ. ಹೀಗೆ ಹಿಡಿತ ತಪ್ಪಿ ತಿನ್ನುವ ತೊಂದರೆ ಇನ್ನೂ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ದೀಪ ಹಚ್ಚದೆ ನಡೆಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಅದರ ಬಗ್ಗೆ ನಾವು ಆಡುವ ಮಾತುಗಳು ಅದನ್ನು ಇನ್ನಷ್ಟು ಬೆಳೆಸುತ್ತಿವೆ.

ನಾನು ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹೊರಜಿಲ್ಲೆಯವರಿಗಾಗಿ ಹೇಳುತ್ತೇನೆ, ಕಾರ್ಮಿಕರ ಹಾಜರಿ, ಹಣ್ಣಿನ ತೂಕ, ಕೂಲಿಯ ಬಟವಾಡೆ ಎಲ್ಲದರ ಲೆಕ್ಕ ಇಡುವ ಕೆಲಸ ಅದು. ಮಕ್ಕಳ ಶಾಲೆಗಾಗಿ ಹೆಂಡತಿ ಕುಶಾಲನಗರದಲ್ಲಿ ಮನೆ ಮಾಡಿಕೊಂಡಿದ್ದಾಳೆ. ವಾರದ ಆರು ದಿನ ನಾನು ತೋಟದ ಕ್ವಾರ್ಟರ್ಸ್‌ನಲ್ಲಿ ಒಬ್ಬನೇ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀರಿ ಎಂದು ಒಂದು ಕ್ಲಿನಿಕ್‌ನಲ್ಲಿ ಹೇಳಿದರು. "ಸ್ವಲ್ಪ ಬಾಯಿ ಕಟ್ಟಿ" ಎಂದದ್ದು ಬಿಟ್ಟರೆ ಬೇರೆ ಏನನ್ನೂ ಹೇಳಲಿಲ್ಲ. ನಾನು ಬಾಯಿ ಕಟ್ಟಿದೆ.

ಹೇಗೆ ಕಟ್ಟಿದೆ ಎಂದರೆ, ನಮ್ಮಪ್ಪ ಹೇಳುತ್ತಿದ್ದ ಗಾದೆಯನ್ನೇ ಹಿಡಿದುಕೊಂಡೆ. "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ." ಬೆಳಿಗ್ಗೆ ಬರೀ ಕರಿಕಾಫಿ. ಮಧ್ಯಾಹ್ನ ಏನೂ ಇಲ್ಲ. ಹನ್ನೆರಡೂವರೆಗೆ ಕಾಫಿ ಕುಯ್ಯುವ ಹೆಂಗಸರು ಸಿಲ್ವರ್ ಮರದ ಕೆಳಗೆ ಸಾಲಾಗಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. "ರೈಟರೇ, ಬನ್ನಿ ಊಟ ಮಾಡುವ" ಎಂದು ಕರೆಯುತ್ತಿದ್ದರು. ನಾನು ಹಾಜರಿ ಪುಸ್ತಕ ತೆರೆದು ಬೇರೆ ಕಡೆ ತಿರುಗುತ್ತಿದ್ದೆ. ಒಣಮೀನಿನ ಚಟ್ನಿಯ ಪರಿಮಳ ಗಾಳಿಯಲ್ಲಿ ಬಂದಾಗ, ತಡೆದುಕೊಂಡೆ ಎಂದು ನನ್ನ ಬಗ್ಗೆ ನನಗೇ ಗೌರವ ಮೂಡುತ್ತಿತ್ತು. ಸಂಜೆ ಮೂಟೆಗಳ ತೂಕ ಮುಗಿದು ಸ್ಕೂಟರ್ ಹತ್ತುವ ಹೊತ್ತಿಗೆ ಕೈ ನಡುಗುತ್ತಿತ್ತು.

ಆಮೇಲೆ ಬೇಕರಿ. ಒಂದೇ ಅಂಗಡಿಯಲ್ಲಿ ಅಷ್ಟೂ ಕೊಂಡರೆ ಏನೆಂದುಕೊಳ್ಳುತ್ತಾರೋ ಎಂದು ಎರಡು ಅಂಗಡಿಗೆ ಹೋಗುತ್ತಿದ್ದೆ. ಯಾರೂ ಕೇಳದಿದ್ದರೂ "ಮಕ್ಕಳಿಗೆ" ಎನ್ನುತ್ತಿದ್ದೆ. ಆರು ಎಗ್ ಪಫ್, ಬೆಣ್ಣೆ ಬನ್, ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್, ಕೇಕಿನ ತುಂಡುಗಳು. ತೋಟದ ಗೇಟಿನ ಈಚೆಗೆ, ಕತ್ತಲಲ್ಲಿ ಸ್ಕೂಟರ್ ನಿಲ್ಲಿಸಿ ಅಲ್ಲಿಂದಲೇ ಶುರು. ಮೂರನೆಯ ಪಫ್‌ನ ನಂತರ ರುಚಿ ತಿಳಿಯುವುದಿಲ್ಲ. ಕೈ ತನ್ನಷ್ಟಕ್ಕೆ ಬಾಯಿಗೆ ಹೋಗಿ ಬರುತ್ತಿರುತ್ತದೆ. ಆ ಅರ್ಧ ಗಂಟೆ ಲೆಕ್ಕದ ತಕರಾರು ಇಲ್ಲ, ಮಳೆಯ ಸದ್ದು ಇಲ್ಲ, ಖಾಲಿ ಮನೆ ಇಲ್ಲ. ತಿಂದು ಮುಗಿದ ಮೇಲೆ ಎಲ್ಲವೂ ಒಟ್ಟಿಗೆ ಹಿಂತಿರುಗುತ್ತವೆ, ಜೊತೆಗೆ ನಾಚಿಕೆಯೂ. ಕವರುಗಳನ್ನು ಒಲೆಗೆ ಹಾಕಿ ಸುಡುತ್ತಿದ್ದೆ. ನಾಳೆ ಪೂರ್ತಿ ಉಪವಾಸ ಎಂದು ಆಣೆ ಮಾಡಿಕೊಂಡು ಮಲಗುತ್ತಿದ್ದೆ. ಮರುದಿನ ಆಣೆಯನ್ನು ಸಂಜೆಯವರೆಗೆ ನಡೆಸುತ್ತಿದ್ದೆ.

ಭಾನುವಾರ ಮನೆಯಲ್ಲಿ ಎರಡೇ ಅಕ್ಕಿ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದೆ. ನನ್ನ ಹೆಂಡತಿ ಅವಳಮ್ಮನಿಗೆ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡಿದ್ದೇನೆ. "ಇವರು ತಿನ್ನುವುದೇ ಇಲ್ಲಮ್ಮ, ಆದರೂ ಮೈ ಏಕೆ ಬರುತ್ತಿದೆಯೋ, ಥೈರಾಯಿಡ್ ಇರಬಹುದೇನೋ." ಅವಳ ಆ ಕಾಳಜಿಯನ್ನು ಕೇಳಿಸಿಕೊಂಡೂ ಬಾಯಿ ಬಿಡಲಾಗದೆ ಕುಳಿತ ಕ್ಷಣ ಇಂದಿಗೂ ಚುಚ್ಚುತ್ತದೆ.

ಕಾವಲಿನ ಅಜ್ಜ ಮಳೆಯಲ್ಲಿ ಹಿಂತಿರುಗಿದ ಆ ವಾರದ ಭಾನುವಾರ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ಎಷ್ಟು ವರ್ಷದಿಂದ?" ಎಂದಷ್ಟೇ ಕೇಳಿದಳು. ನಾಲ್ಕು ವರ್ಷ ಎಂದೆ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳೇ ಹುಡುಕಿ ಕೊಟ್ಟಳು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಉಚಿತ ಸೇವೆ ಅದು. ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯವರು ನನ್ನ ಹೆಸರಿಗಿಂತ ಮೊದಲು ಕೇಳಿದ್ದು, ಈಗ ನಿಮಗೆ ಮಾತನಾಡಲು ಏಕಾಂತವಿದೆಯೇ ಎಂದು. ಅಲ್ಲಿಂದ ಮಡಿಕೇರಿಯಲ್ಲಿ ಒಬ್ಬ ಮನೋವೈದ್ಯರ ಬಳಿಗೆ ಹೋದೆ.

ನಾನು ರಾತ್ರಿಗಳ ಕಥೆ ಹೇಳಿ ಮುಗಿಸುವವರೆಗೆ ಡಾಕ್ಟರ್ ತಡೆಯಲಿಲ್ಲ. ಮುಗಿದ ಮೇಲೆ, "ಸರಿ, ಬೆಳಿಗ್ಗೆ ಏನು ತಿನ್ನುತ್ತೀರಿ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಕಣ್ಣಿಗೆ ಕಾಯಿಲೆ ಇದ್ದದ್ದು ರಾತ್ರಿಯಲ್ಲಿ. ಹಗಲಿನ ಉಪವಾಸವನ್ನು ನಾನು ಔಷಧ ಎಂದುಕೊಂಡಿದ್ದೆ.

ಅವರು ಒಂದು ಹಳೆಯ ಪ್ರಯೋಗದ ವಿಷಯ ಹೇಳಿದರು, ಆಮೇಲೆ ನಾನೂ ಹುಡುಕಿ ಓದಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದ ಜನರಿಗೆ ಮರಳಿ ಹೇಗೆ ಉಣ್ಣಿಸಬೇಕು ಎಂದು ತಿಳಿಯುವುದಕ್ಕಾಗಿ. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಮೈಯಲ್ಲೂ ಮನಸ್ಸಿನಲ್ಲೂ ಆರೋಗ್ಯವಂತರು ಎಂದು ಪರೀಕ್ಷಿಸಿ ಆರಿಸಿದವರು. ವಾರಗಳು ಕಳೆದಂತೆ ಅವರ ತಲೆಯಲ್ಲಿ ಅನ್ನ ಬಿಟ್ಟು ಬೇರೆ ಉಳಿಯಲಿಲ್ಲ. ಅಡುಗೆ ಪುಸ್ತಕ ಓದುತ್ತ ಕುಳಿತರು, ತಟ್ಟೆ ನೆಕ್ಕಿದರು, ಸಿಡುಕಿದರು, ಕುಗ್ಗಿದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರು ಹೊಟ್ಟೆ ತುಂಬಿದ ಮೇಲೂ ನಿಲ್ಲಿಸಲಾಗದೆ ತಿಂದರು. ಅಂಥ ಗಟ್ಟಿ ಯುವಕರ ಗತಿಯೇ ಹಾಗಾಗಿತ್ತು ಎಂದು ಓದಿದಾಗ ನಾನು ಅತ್ತೆ. ನಾಲ್ಕು ವರ್ಷ ನನ್ನನ್ನು ನಾನು ಹೊಟ್ಟೆಬಾಕ, ಗುಣಗೇಡಿ ಎಂದು ಕರೆದುಕೊಂಡಿದ್ದೆ. ಹಸಿದ ದೇಹ ತನ್ನ ಕೆಲಸವನ್ನು ತಾನು ಮಾಡುತ್ತಿತ್ತು.

ಎಲ್ಲರದೂ ಉಪವಾಸದಿಂದಲೇ ಶುರುವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂಟಿತನ, ದುಃಖ, ಚಿಕ್ಕಂದಿನಲ್ಲಿ ಕೇಳಿಸಿಕೊಂಡ ಹೀಯಾಳಿಕೆ, ಮನೆತನದಲ್ಲೇ ಬಂದ ಒಲವು, ಹೀಗೆ ಹಲವು ಎಳೆಗಳು ಸೇರಿರುತ್ತವೆ. ನನ್ನಲ್ಲೂ ಖಾಲಿ ಕ್ವಾರ್ಟರ್ಸ್ ಇತ್ತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ನಮ್ಮ ಮಳೆ ಇತ್ತು. ಬೇಕರಿ ತಿಂಡಿಯ ಪಾತ್ರವೂ ಇದೆ. 2019ರಲ್ಲಿ ಅಮೆರಿಕದಲ್ಲಿ 20 ಜನರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟ ಎರಡು ವಾರ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು. ಅಂಥ ತಿನಿಸಿನೆದುರು ಹನ್ನೆರಡು ಗಂಟೆ ಹಸಿದವನನ್ನು ನಿಲ್ಲಿಸಿ ಮನೋಬಲದ ಪಾಠ ಹೇಳುವುದು ನ್ಯಾಯವಲ್ಲ.

ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ನೆಂಟರೊಂದಿಗೆ ನಗುತ್ತ ತಂಬಿಟ್ಟು ಎರಡು ತುತ್ತು ಹೆಚ್ಚು ತಿನ್ನುವುದು ಕಾಯಿಲೆಯಲ್ಲ. ಮದುವೆ ಮನೆಯಲ್ಲಿ ಹೊಟ್ಟೆ ಬಿರಿಯೆ ಉಣ್ಣುವುದೂ ಅಲ್ಲ. ಕಡಿವಾಣ ಕೈತಪ್ಪಿ ಹೋದ ಅನುಭವ, ಹಸಿವಿಲ್ಲದಿದ್ದರೂ ಗಬಗಬ ತಿನ್ನುವುದು, ಒಬ್ಬರೇ ಅಡಗಿ ತಿನ್ನುವುದು, ಆಮೇಲೆ ತನ್ನ ಮೇಲೇ ಅಸಹ್ಯ, ಇವು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ: ಬಿಂಜ್ ಈಟಿಂಗ್ ಡಿಸಾರ್ಡರ್. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ತನ್ನ ಕೈಪಿಡಿಗೆ ಸೇರಿಸಿತು. ತಿಂದದ್ದನ್ನು ಬೆರಳು ಹಾಕಿ ವಾಂತಿ ಮಾಡುವವರು, ಭೇದಿ ಮಾತ್ರೆ ನುಂಗುವವರು ಇದ್ದರೆ ಅದು ಬೇರೆಯದೇ ಕಾಯಿಲೆ. ದೇಹಕ್ಕೆ ಬೇಗ ಅಪಾಯ ತರುತ್ತದೆ. ದಯವಿಟ್ಟು ತಡಮಾಡದೆ ವೈದ್ಯರ ಬಳಿ ಹೋಗಿ.

ನನಗೆ ಡಾಕ್ಟರ್ ಕೊಟ್ಟ ಮೊದಲ ಚೀಟಿಯಲ್ಲಿ ಮಾತ್ರೆ ಇರಲಿಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ನಡುವೆ ಎರಡು ಸಣ್ಣ ತಿನಿಸು. ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಹಸಿವಿರಲಿ ಇಲ್ಲದಿರಲಿ, ಹಿಂದಿನ ರಾತ್ರಿ ಏನೇ ಆಗಿರಲಿ. ನನಗೆ ಭಯವಾಯಿತು. ಅಪ್ಪನ ಗಾದೆಯಲ್ಲಿ ಮೂರು ಹೊತ್ತು ಉಂಡವನು ರೋಗಿ. ಇವರು ರೋಗಿಗೆ ಮೂರು ಹೊತ್ತು ಉಣ್ಣು ಎನ್ನುತ್ತಿದ್ದಾರೆ. (ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತನ್ನು ತಮ್ಮ ವೈದ್ಯರನ್ನು ಕೇಳಿಯೇ ಬದಲಿಸಬೇಕು.)

ಇನ್ನೊಂದು, ತಿಂದದ್ದರ ಲೆಕ್ಕದ ಪುಸ್ತಕ ಬರೆಯುವುದು. ನನ್ನ ಕೆಲಸವೇ ಅದಾದ್ದರಿಂದ ಇದು ಸುಲಭವಾಯಿತು. ಹಾಜರಿ ಪುಸ್ತಕದಂತೆಯೇ ಗೆರೆ ಎಳೆದು ಮನೆಗಳನ್ನು ಮಾಡಿದೆ. ಎಷ್ಟು ಗಂಟೆಗೆ, ಎಲ್ಲಿ, ಏನು ತಿಂದೆ, ತಿನ್ನುವ ಮೊದಲು ಮನಸ್ಸಿನಲ್ಲಿ ಏನಿತ್ತು. ಕ್ಯಾಲೊರಿ ಬರೆಯಬೇಡಿ ಎಂದಿದ್ದರು. ಐದು ವಾರಗಳ ನಂತರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮಧ್ಯಾಹ್ನದ ಮನೆ ಖಾಲಿ ಇದ್ದ ದಿನಗಳಲ್ಲೇ ರಾತ್ರಿಯ ಮನೆ ತುಂಬಿ ತುಳುಕಿತ್ತು. ಬಟವಾಡೆಯ ದಿನ ಅದು ಇನ್ನೂ ಕೆಟ್ಟದಾಗಿತ್ತು. ಮುಂಗಡ ಕಡಿತದ ಬಗ್ಗೆ ಕಾರ್ಮಿಕರ ಕೋಪ ನನ್ನ ಮೇಲೆ, ಖರ್ಚಿನ ಬಗ್ಗೆ ಮಾಲೀಕರ ಕೋಪವೂ ನನ್ನ ಮೇಲೆ. ಇಬ್ಬರಿಗೂ ಉತ್ತರ ಕೊಡದೆ ನುಂಗಿಕೊಂಡದ್ದನ್ನು ರಾತ್ರಿ ಬನ್ನಿನ ಜೊತೆ ಮತ್ತೆ ನುಂಗುತ್ತಿದ್ದೆ. ಈಗ ಬಟವಾಡೆ ಮುಗಿದ ಕೂಡಲೇ ಹೆಂಡತಿಗೆ ಫೋನ್ ಮಾಡುತ್ತೇನೆ. ಅವಳು ಪರಿಹಾರ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ.

ಇದು ನೇರವಾದ ದಾರಿಯಾಗಿರಲಿಲ್ಲ. ಮೊದಲ ತಿಂಗಳು ಮೂರು ಹೊತ್ತು ಉಂಡೂ ರಾತ್ರಿ ಬೇಕರಿಗೆ ಹೋದ ದಿನಗಳಿವೆ. ಕಳೆದ ಜುಲೈನಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದೆ, ಮರ ಬಿದ್ದು ರಸ್ತೆ ಮುಚ್ಚಿ, ಮನೆಗೂ ಹೋಗಲಾಗದೆ ಉಳಿದಾಗ ಎರಡು ರಾತ್ರಿ ಹಳೆಯದೇ ನಡೆಯಿತು. ಬದಲಾದದ್ದು ಮರುದಿನ ಬೆಳಿಗ್ಗೆ. ಹೊಟ್ಟೆ ಭಾರವಾಗಿದ್ದರೂ ಎಂಟು ಗಂಟೆಗೆ ಒಂದು ಅಕ್ಕಿ ರೊಟ್ಟಿ, ಸ್ವಲ್ಪ ಪಲ್ಯ ತಿಂದೆ. ಉಪವಾಸದ ಆಣೆ ಇಡಲಿಲ್ಲ. ಆ ಒಂದು ರೊಟ್ಟಿಯನ್ನು ನುಂಗಲು ನನಗೆ ಬೇಕಾದ ಧೈರ್ಯ, ಹಿಂದೆ ಹಗಲಿಡೀ ಹಸಿದಿರಲು ಬೇಕಾದ ಧೈರ್ಯಕ್ಕಿಂತ ದೊಡ್ಡದು.

ಈಗ ಬಂಧುಗಳಿಗೆ, ಗೆಳೆಯರಿಗೆ ಒಂದು ಮಾತು. ಮದುವೆ ಮಂಟಪದ ಬಾಗಿಲಲ್ಲಿ "ಏನು, ಮೈ ಬಂದಿದೆಯಲ್ಲ" ಎಂದು ಸ್ವಾಗತಿಸುವುದನ್ನು ನಿಲ್ಲಿಸಿ. ಊಟದ ಪಂಕ್ತಿಯಲ್ಲಿ ಯಾರದೋ ಎಲೆ ನೋಡಿ "ಸಾಕು, ಇನ್ನು ತಿನ್ನಬೇಡ" ಎನ್ನುವುದನ್ನು ನಿಲ್ಲಿಸಿ. ನನ್ನ ಅಕ್ಕನ ಮಗಳಿಗೆ ಹದಿನಾಲ್ಕು ವರ್ಷ. ಕಳೆದ ಪುತ್ತರಿಯಲ್ಲಿ ಚಿಕ್ಕಮ್ಮ ಒಬ್ಬರು ಎಲ್ಲರೆದುರು ಅವಳಿಗೆ ಹಾಗೆ ಹೇಳಿದರು. ಹುಡುಗಿ ಎಲೆ ಮಡಚಿ ಎದ್ದಳು. ಒಂದು ಗಂಟೆಯ ನಂತರ ಉಗ್ರಾಣದಲ್ಲಿ ಒಬ್ಬಳೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದಳು, ನನ್ನನ್ನು ಕಂಡು ಕೈ ಹಿಂದಕ್ಕೆ ಮಾಡಿದಳು. ಹಾಗೆ ಕೈ ಹಿಂದಕ್ಕೆ ಹೋಗುವುದು ಏನೆಂದು ನನಗೆ ಗೊತ್ತು. ಅವಳ ಪಕ್ಕದಲ್ಲಿ ನಿಂತು ನಾನೂ ಒಂದು ಹಣ್ಣು ಸುಲಿದೆ. ಚಿಕ್ಕಮ್ಮನಿಗೆ ಅಂದೇ ಹೇಳಿದೆ, ಅವರಿಗೆ ಸಿಟ್ಟು ಬಂತು. ಬರಲಿ.

ಇದೇ ಫೇಸ್‌ಬುಕ್‌ನಲ್ಲಿ ಹದಿನಾರು ಗಂಟೆ, ಇಪ್ಪತ್ತು ಗಂಟೆ ಉಪವಾಸದ ಹೆಮ್ಮೆಯ ಬರಹಗಳನ್ನು ಓದುತ್ತೇನೆ. ಅದು ಒಗ್ಗುವವರಿರಬಹುದು. ಏಕಾದಶಿ ಮಾಡುವವರ ನಂಬಿಕೆಯ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ರಾತ್ರಿ ಅಡಗಿ ತಿನ್ನುವ ಯಾರೋ ಒಬ್ಬರು ಅದನ್ನು ಓದಿ ನಾಳೆಯಿಂದ ಉಪವಾಸ ಎಂದು ನಿರ್ಧರಿಸುತ್ತಿರುತ್ತಾರೆ. ಅವರಿಗೆ ನನ್ನ ಕೋರಿಕೆ ಇಷ್ಟೇ: ನಾಳೆ ಬೆಳಿಗ್ಗೆ ತಿಂಡಿ ತಿನ್ನಿ, ನಂಬಿಕೆಯ ಒಬ್ಬರಿಗೆ ಹೇಳಿ.

ಕಾವಲಿನ ಅಜ್ಜನಿಗೂ ಹೇಳಿದೆ. ಕಾಯಿಲೆಯ ಹೆಸರು ಅವರಿಗೆ ಅರ್ಥವಾಗಲಿಲ್ಲ. "ಹಗಲು ಉಣ್ಣದಿದ್ದರೆ ರಾತ್ರಿ ಹಾಗೇ ಆಗುವುದು" ಎಂದರು.

ಈಗ ಹನ್ನೆರಡೂವರೆಗೆ ನಾನೂ ಸಿಲ್ವರ್ ಮರದ ಕೆಳಗೆ ಬುತ್ತಿ ಬಿಚ್ಚುತ್ತೇನೆ. ಸಂಜೆ ಕೆಲವೊಮ್ಮೆ ಬೇಕರಿಗೂ ಹೋಗುತ್ತೇನೆ. ಒಂದು ಎಗ್ ಪಫ್, ಒಂದು ಚಹಾ. ಕಟ್ಟಿಸಿಕೊಳ್ಳುವುದಿಲ್ಲ. ಅಂಗಡಿಯ ಮುಂದಿನ ಬೆಂಚಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಸ್ಸಿಗೆ ಕಾಯುವವರ ನಡುವೆ ಕುಳಿತು ತಿನ್ನುತ್ತೇನೆ.