ಮಳೆಗೊಂದು ಫೈಲು, ಗ್ಯಾಸಿಗೊಂದು ಫೈಲು

2024ರ ಮೇ 13ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ಜಾಹೀರಾತಿನ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಅದನ್ನು ಇಂದಿಗೂ ಹಲವರು ಬಿರುಗಾಳಿಯ ಅನಾಹುತ ಅಂತಲೇ ಹೇಳುತ್ತಾರೆ. ಗಾಳಿ ಬೀಸಿದ್ದು ನಿಜ. ಆದರೆ 40 ಅಡಿಗೆ ಮಿತಿ ಇರುವ ಊರಲ್ಲಿ 120 ಅಡಿಯ ಫಲಕ ನಿಲ್ಲಿಸಿದವರು ಮನುಷ್ಯರೇ ತಾನೆ? ಬಿದ್ದದ್ದೂ ಪೆಟ್ರೋಲ್ ಪಂಪಿನ ಮೇಲೆ. ಅಡಿಯಲ್ಲಿ ಸಿಕ್ಕಿಕೊಂಡವರನ್ನು ತೆಗೆಯಲು ಕಬ್ಬಿಣ ಕತ್ತರಿಸಬೇಕು, ಕತ್ತರಿಸಿದರೆ ಕಿಡಿ ಹಾರುತ್ತದೆ, ಸುತ್ತ ಪೆಟ್ರೋಲ್! ಕೆಲಸ ದಿನಗಟ್ಟಲೆ ಎಳೆಯಿತು.

ನಮ್ಮ ವ್ಯವಸ್ಥೆ ಎಡವುವುದು ಇಲ್ಲೇ. ಮಳೆಗೊಂದು ಯೋಜನೆ, ಕಾರ್ಖಾನೆಯ ಅಪಘಾತಕ್ಕೆ ಇನ್ನೊಂದು. ಎರಡೂ ಒಂದೇ ದಿನ ಬಂದರೆ ಯಾರು ಏನು ಮಾಡಬೇಕು?

ಚೆಂಬೂರಿನ ನಮಗೆ ಇದು ದೂರದ ಮಾತಲ್ಲ. ಮಾಹುಲಿನಲ್ಲಿ ರಿಫೈನರಿಗಳು, ಪಕ್ಕದಲ್ಲೇ ರಸಗೊಬ್ಬರ ಕಾರ್ಖಾನೆ. 2018ರ ಆಗಸ್ಟಿನಲ್ಲಿ ಅಲ್ಲಿನ ಒಂದು ರಿಫೈನರಿಯಲ್ಲಿ ಸ್ಫೋಟ ಆಯಿತು. ಅದೇ ಸ್ಫೋಟ 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಆಗಿದ್ದರೆ? ಕುರ್ಲಾ, ಸಯನ್ ಎಲ್ಲ ಮುಳುಗಿದ ಮೇಲೆ ಬೇರೆ ಕಡೆಯ ಅಗ್ನಿಶಾಮಕ ಬಂಬುಗಾಡಿ ಯಾವ ದಾರಿಯಲ್ಲಿ ಬರಬೇಕಿತ್ತು? ಗ್ಯಾಸ್ ಸೋರಿದರೆ ಗಾಳಿಗೆ ಅಡ್ಡಲಾಗಿ ದೂರ ಹೋಗಿ ಅನ್ನುತ್ತಾರೆ. ಸೊಂಟದ ಮಟ್ಟ ನೀರಲ್ಲಿ ಅಜ್ಜಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಮಾರಾಯ್ರೆ?

ಭೋಪಾಲದ ಅನಿಲ ದುರಂತದ ನಂತರ 1989ರಲ್ಲಿ ಬಂದ ನಿಯಮಗಳ ಪ್ರಕಾರ ಕಾರ್ಖಾನೆಯ ಹೊರಗಿನ ತುರ್ತು ಯೋಜನೆಯ ಅಣಕು ಅಭ್ಯಾಸ ವರ್ಷಕ್ಕೊಮ್ಮೆ ಆಗಬೇಕು, ಅಪಾಯದ ವ್ಯಾಪ್ತಿಯಲ್ಲಿರುವ ಜನರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸಬೇಕು. ಸೈರನ್ ಕೇಳಿದರೆ ಏನು ಮಾಡುತ್ತೀರಿ ಅಂತ ನಮ್ಮ ಬಿಲ್ಡಿಂಗಿನಲ್ಲಿ ಕೇಳಿ ನೋಡಿದೆ. ಒಬ್ಬರಿಗೂ ಗೊತ್ತಿಲ್ಲ. ಅಭ್ಯಾಸವನ್ನು ಒಣ ಹವೆಯ ಡಿಸೆಂಬರಿನಲ್ಲಿ ಮಾಡಿ ಮುಗಿಸಿದರೂ ಸಾಲದು. ಜುಲೈಯಲ್ಲಿ, ಸಮುದ್ರದ ಭರತದ ಹೊತ್ತಿಗೆ, ಜೋರು ಮಳೆಯಲ್ಲಿ ಮಾಡಬೇಕು. ಆಗ ಯಾವ ರಸ್ತೆ ಉಪಯೋಗಕ್ಕಿಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹೋಟೆಲಿನವರಿಗೆ ಇನ್ನೊಂದು ಮಾತು. ಇಲ್ಲಿನ ನಮ್ಮ ಕನ್ನಡಿಗರ ಅದೆಷ್ಟು ಅಡುಗೆಮನೆಗಳು ರಸ್ತೆಗಿಂತ ಒಂದು ಮೆಟ್ಟಿಲು ಕೆಳಗಿವೆ! ತುಂಬಿದ ಸಿಲಿಂಡರ್ ಭಾರ, ಕೂತಲ್ಲೇ ಕೂತಿರುತ್ತದೆ ಅಂದುಕೊಳ್ಳಬೇಡಿ. 19 ಕಿಲೋದ ಸಿಲಿಂಡರ್ ಕೂಡ ನೀರು ಏರಿದರೆ ತೇಲುತ್ತದೆ. ತೇಲಿ ಮಗುಚಿದಾಗ ಪೈಪು ಎಳೆದು ಜಾಯಿಂಟ್ ಕಿತ್ತುಬರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಮೇಲೆ ಹೋಗದೆ ನೀರಿನ ಮೇಲೇ ಹರಡಿಕೊಳ್ಳುತ್ತದೆ. ಆಗ ಫ್ರಿಜ್ಜಿನ ಒಂದು ಕಿಡಿ ಸಾಕು. ಗೋಡೆಗೆ ಕೊಕ್ಕೆ ಹೊಡೆದು ಸಿಲಿಂಡರಿಗೆ ಸರಪಳಿ ಹಾಕಲು ಎಷ್ಟು ಖರ್ಚಾದೀತು? ನೀರು ಹೊಸ್ತಿಲಿಗೆ ಬರುವ ಮೊದಲೇ ವಾಲ್ವ್ ಮುಚ್ಚಿ, ಮೇನ್ ಸ್ವಿಚ್ ಆರಿಸಿ. ಆ ಕೆಲಸ ಯಾರದು ಅನ್ನುವುದನ್ನು ಮಾಲಕರು ಈಗಲೇ ಹೆಸರು ಹಿಡಿದು ಹೇಳಿಟ್ಟಿರಬೇಕು. ರಾತ್ರಿ ಹೋಟೆಲಿನಲ್ಲೇ ಮಲಗುವ ಹುಡುಗರಿಗೆ ಮೊದಲು ಹೇಳಿ. ಗ್ಯಾಸ್ ಸೋರಿಕೆಗೆ 1906, ಪಾಲಿಕೆಯ ವಿಪತ್ತು ಕೇಂದ್ರಕ್ಕೆ 1916. ದುಡ್ಡಿನ ಕೌಂಟರಿನ ಹತ್ತಿರ ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ.

ನಮ್ಮ ಕನ್ನಡ ಸಂಘಗಳು ಜೂನ್‌ಗೆ ಮೊದಲು ಒಂದು ಭಾನುವಾರ ಅಗ್ನಿಶಾಮಕ ದಳದವರನ್ನು, ವಾರ್ಡಿನ ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಿ ಈ ಪ್ರಶ್ನೆಗಳನ್ನು ಕೇಳಲಿ. ಚೆಂಬೂರು, ಘಾಟ್ಕೋಪರಿನಲ್ಲಿ ಯಾರಾದರೂ ಮುಂದೆ ಬಂದರೆ ಓಡಾಟದ ಕೆಲಸ ನಾನು ಮಾಡುತ್ತೇನೆ.