ಸಮಾಧಾನ ಆಮೇಲೆ ಹೇಳಿ, ಮೊದಲು ಅಂಕಿ ಕೊಡಿ

1986ರ ಜೂನ್ 20ರಂದು ಬ್ರಿಟನ್ ಸರ್ಕಾರ ಇಂಗ್ಲೆಂಡಿನ ಕುಂಬ್ರಿಯಾ ಮತ್ತು ಉತ್ತರ ವೇಲ್ಸ್‌ನ ಕುರಿ ಸಾಕುವವರಿಗೆ ಒಂದು ಆದೇಶ ಕೊಟ್ಟಿತು. ಕುರಿಗಳ ಮೈಗೆ ವಿಕಿರಣ ಸೇರಿದೆ, ಅವನ್ನು ಸಾಗಿಸುವಂತಿಲ್ಲ, ಕಡಿಯುವಂತಿಲ್ಲ. ಮೂರು ವಾರ ತಡೆಯಿರಿ, ಆಮೇಲೆ ಸರಿಹೋಗುತ್ತದೆ ಅಂತ. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ. ಇಪ್ಪತ್ತಾರು ವರ್ಷ!

ಅಪಘಾತ ಆಗಿದ್ದು ಎರಡು ಸಾವಿರ ಕಿಲೋಮೀಟರ್‌ಗೂ ಆಚೆ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದಲ್ಲಿ, ಏಪ್ರಿಲ್ 26ಕ್ಕೆ. ಅಲ್ಲಿಂದ ಹೊರಟ ಮೋಡ ಮೇ ಮೊದಲ ವಾರಕ್ಕೆ ಬ್ರಿಟನ್ ಮೇಲೆ ಬಂತು, ಅದೇ ಹೊತ್ತಿಗೆ ಗುಡ್ಡಗಳಲ್ಲಿ ಜೋರು ಮಳೆ ಹೊಯ್ದು ಗಾಳಿಯಲ್ಲಿದ್ದ ಸೀಸಿಯಂ ಎಂಬ ವಿಕಿರಣ ಸೂಸುವ ವಸ್ತು ಹುಲ್ಲಿಗಿಳಿಯಿತು. ವಾರದ ಕೊನೆಗೆ ಬ್ರಿಟನ್ ಮಟ್ಟಿಗೆ ಇದು ಮುಗಿದ ವಿಷಯ ಎಂಬ ಧಾಟಿಯಲ್ಲಿ ಅಲ್ಲಿನ ಮಂತ್ರಿಗಳು ಮಾತಾಡಿಬಿಟ್ಟಿದ್ದರು.

ಸರ್ಕಾರದ ಹತ್ತಿರ ವಿಕಿರಣ ಅಳೆಯುವ ಮೀಟರ್ ಇತ್ತು, ದೊಡ್ಡ ದೊಡ್ಡ ವಿಜ್ಞಾನಿಗಳೂ ಇದ್ದರು. ಆದರೂ ಲೆಕ್ಕ ತಪ್ಪಿದ್ದು ಮಣ್ಣಿನಲ್ಲಿ. ಜೇಡಿಮಣ್ಣಾದರೆ ಸೀಸಿಯಂ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಹುಲ್ಲಿನ ಬೇರಿಗೆ ಅಷ್ಟಾಗಿ ಸಿಗುವುದಿಲ್ಲ. ಗುಡ್ಡದ ಮೇಲಿದ್ದದ್ದು ಸೊಪ್ಪುಸದೆ ಕೊಳೆತು ಆದ ಹುಳಿ ಮಣ್ಣು, ಪೀಟ್ ಅನ್ನುತ್ತಾರೆ. ಅಲ್ಲಿ ಅದು ಅಂಟಲೇ ಇಲ್ಲ. ಹುಲ್ಲಿಗೆ ಹೋಯಿತು, ಹುಲ್ಲಿನಿಂದ ಕುರಿಗೆ, ಹಿಕ್ಕೆಯಲ್ಲಿ ಮತ್ತೆ ಮಣ್ಣಿಗೆ, ಮತ್ತೆ ಹುಲ್ಲಿಗೆ.

ಪರೀಕ್ಷೆ ಹೇಗಿತ್ತು ಗೊತ್ತಾ? ಒಬ್ಬರು ಕುರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಮೀಟರನ್ನು ಅದರ ಹಿಂಭಾಗಕ್ಕೆ ಒತ್ತಿ ಹಿಡಿದು ಅಂಕಿ ಬರುವವರೆಗೆ ಕಾಯಬೇಕು. ಕೆಜಿ ಮಾಂಸಕ್ಕೆ 1000 ಬೆಕೆರೆಲ್ ಮಿತಿ, ಬೆಕೆರೆಲ್ ಅಂದರೆ ವಿಕಿರಣ ಎಷ್ಟಿದೆ ಎಂದು ಹೇಳುವ ಅಳತೆ. ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಉಣ್ಣೆ ಮೇಲೆ ಬಣ್ಣದ ಗುರುತು. ಆ ಕುರಿಯನ್ನು ತಗ್ಗಿನ ಹುಲ್ಲುಗಾವಲಿನಲ್ಲಿ ಮೇಯಿಸಿ, ಮೈಯೊಳಗಿನ ಸೀಸಿಯಂ ಇಳಿದ ಮೇಲೇ ಕಡಿಯಬೇಕು. ಅಳತೆಗೆ ಬಂದವರ ಜೊತೆ ಓಡಾಡುತ್ತಿದ್ದ ರೈತರು ಒಂದು ಗಮನಿಸಿದರು, ಒಂದೇ ಹೊಲದಲ್ಲಿ ಸ್ವಲ್ಪ ಆಚೆ ಹೋದರೆ ಅಂಕಿ ಬೇರೆ. ಎಲ್ಲಿ ನೀರು ನಿಲ್ಲುತ್ತದೆ, ಕುರಿ ಯಾವ ಕಾಲಕ್ಕೆ ಎಲ್ಲಿ ಮೇಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು. ಚೆರ್ನೋಬಿಲ್‌ಗೂ ಮೊದಲು ನಮ್ಮ ಗುಡ್ಡದಲ್ಲಿ ಸೀಸಿಯಂ ಎಷ್ಟಿತ್ತು? ಕುಂಬ್ರಿಯಾದವರು ಇದನ್ನು ಕೇಳಲು ಕಾರಣವಿದೆ. 1957ರಲ್ಲಿ ಬೆಂಕಿ ಬಿದ್ದ ವಿಂಡ್‌ಸ್ಕೇಲ್ ಅಣು ಸ್ಥಾವರ ಅವರ ಪಕ್ಕದಲ್ಲೇ ಇದೆ, ಈಗ ಅದನ್ನು ಸೆಲ್ಲಾಫೀಲ್ಡ್ ಎನ್ನುತ್ತಾರೆ. ರೈತರು ನಂಬುವಂಥ ಉತ್ತರ ಸರ್ಕಾರದಿಂದ ಬರಲಿಲ್ಲ. ಒಮ್ಮೆ ನಂಬಿಕೆ ಹೋದ ಮೇಲೆ ನಿಜ ಹೇಳಿದರೂ ಜನ ಕೇಳುವುದಿಲ್ಲ, ಅಲ್ವಾ?

ಫ್ರಾನ್ಸ್ ಕಥೆ ಇನ್ನೂ ಬೇಸರ ತರಿಸುತ್ತದೆ. ರೈನ್ ನದಿಯ ಆಚೆ ಪಶ್ಚಿಮ ಜರ್ಮನಿಯಲ್ಲಿ ಮಕ್ಕಳನ್ನು ಮರಳಲ್ಲಿ ಆಡಲು ಬಿಡಬೇಡಿ, ಸೊಪ್ಪು ತಿನ್ನಬೇಡಿ ಎನ್ನುತ್ತಿದ್ದರೆ, ಈಚೆ ದಡದಲ್ಲಿ ಮೇ 6ಕ್ಕೆ ಕೃಷಿ ಸಚಿವಾಲಯ ಹೇಳಿಕೆ ಕೊಟ್ಟಿತು: ದೂರ ಇರುವುದರಿಂದ ಫ್ರಾನ್ಸ್‌ಗೆ ಏನೂ ತಾಗಿಲ್ಲ. ಕಾರ್ಸಿಕಾದಲ್ಲಿ, ಪೂರ್ವದ ಗುಡ್ಡಗಳಲ್ಲಿ ಸೀಸಿಯಂ ಬಿದ್ದಿತ್ತು. ಕೊನೆಗೆ ಜನರೇ ಸೇರಿ ಅದೇ ವರ್ಷ ಕ್ರಿರಾಡ್ ಎಂಬ ಸ್ವಂತ ಅಳತೆಯ ಸಂಸ್ಥೆ ಕಟ್ಟಿಕೊಂಡರು. ಥೈರಾಯ್ಡ್ ಕಾಯಿಲೆಗೂ ಆ ಮೋಡಕ್ಕೂ ಸಂಬಂಧ ಇದೆ ಎಂಬುದು ಅಲ್ಲಿನ ಕೋರ್ಟಿನಲ್ಲಿ ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಅಪಾಯ ಸಣ್ಣದೇ ಇರಬಹುದು. ಸಣ್ಣದು ಎಂದು ತೋರಿಸುವ ಅಂಕಿಯನ್ನು ಅವತ್ತೇ ಜನರ ಮುಂದೆ ಇಡಬೇಕಿತ್ತು ಅನ್ನುವುದಷ್ಟೇ ನನ್ನ ಮಾತು.

ನಮ್ಮಲ್ಲೂ ಆಗಿದೆ. ಚೆರ್ನೋಬಿಲ್ ಆದಮೇಲೆ ಐರ್ಲೆಂಡಿನಿಂದ ಬಂದ ಬೆಣ್ಣೆಯಲ್ಲಿ ವಿಕಿರಣ ಇದೆ ಎಂದು ಬಾಂಬೆಯಲ್ಲಿ ಗಲಾಟೆ ಎದ್ದು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೋರ್ಟ್ ತಜ್ಞರ ಸಮಿತಿ ಮಾಡಿತು, ತೊಂದರೆ ಇಲ್ಲ ಎಂದು ಅವರು ಹೇಳಿದರು, 1988ರಲ್ಲಿ ಅರ್ಜಿ ವಜಾ ಆಯಿತು. ಆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಕ್ಕಳಿಗೆ ಕೊಡುವ ಬೆಣ್ಣೆಯಲ್ಲಿ ಎಷ್ಟಿದೆ, ಎಷ್ಟಿದ್ದರೆ ಪರವಾಗಿಲ್ಲ ಎಂದು ತಿಳಿಯಲು ಜನ ಕೋರ್ಟ್ ಮೆಟ್ಟಿಲು ಹತ್ತಬೇಕಾ?

ಇವತ್ತು ಜರ್ಮನಿಯಲ್ಲಿ ಸುಮಾರು 1700 ಕಡೆ ವಿಕಿರಣ ಅಳೆಯುವ ಉಪಕರಣಗಳಿವೆ, ಯಾರು ಬೇಕಾದರೂ ಮೊಬೈಲ್‌ನಲ್ಲಿ ತಮ್ಮೂರಿನ ಅಂಕಿ ನೋಡಬಹುದು. ಎಲ್ಲ ಆರಾಮಾಗಿರುವ ದಿನದ ಅಂಕಿ ನೋಡಿ ಅಭ್ಯಾಸ ಇದ್ದವರು ಏರಿದ ದಿನ ಸುಮ್ನೆ ಗಾಬರಿಯಾಗುವುದಿಲ್ಲ, ಸುಳ್ಳು ವಾಟ್ಸಾಪ್ ಮೆಸೇಜನ್ನೂ ನಂಬುವುದಿಲ್ಲ. ಭಾರತದಲ್ಲೂ ಭಾಭಾ ಅಣು ಸಂಶೋಧನಾ ಕೇಂದ್ರದ ಅಳತೆ ಜಾಲವಿದೆ. ಕೈಗಾದಲ್ಲಿ ಪರಿಸರ ಪ್ರಯೋಗಾಲಯವೂ ಇದೆ. ಕೆಲಸ ನಡೆಯುತ್ತಿದೆ, ಆ ವಿಜ್ಞಾನಿಗಳ ಮೇಲೆ ನನಗೆ ಗೌರವವಿದೆ. ಆದರೆ ಅಂಕಿಗಳು ವಿಜ್ಞಾನಿಗಳ ವರದಿಯಲ್ಲಿದ್ದರೆ ಸಾಲದು. ಕೈಗಾ ಹತ್ತಿರದ ಕದ್ರಾ, ಮಲ್ಲಾಪುರದ ಪಂಚಾಯ್ತಿ ಬೋರ್ಡಿನ ಮೇಲೆ ಕನ್ನಡದಲ್ಲಿ ತಿಂಗಳು ತಿಂಗಳು ಬರಲಿ. ಕಾಳಿ ನದಿ ನೀರಲ್ಲಿ ಇಷ್ಟು, ಮೀನಲ್ಲಿ ಇಷ್ಟು, ಹಾಲಲ್ಲಿ ಇಷ್ಟು, ಹೋದ ವರ್ಷ ಇದೇ ತಿಂಗಳು ಇಷ್ಟಿತ್ತು ಅಂತ. ನಾಳೆ ಯಾವುದೋ ದೇಶದಲ್ಲಿ ಏನೋ ಆಗಿ ಇಲ್ಲಿ ಅಂಕಿ ಏರಿದರೆ, ಎಷ್ಟು ಏರಿತು ಎಂದು ಅಲ್ಲಿ ಮೀನು ಹಿಡಿಯುವವರೇ ನೋಡಿ ಹೇಳುವಂತಿರಬೇಕು.